ಹದಿನೈದು ನಿಮಿಷದ ಹಾಲ್ಟಿಗೆ ಎಷ್ಟಗಲದ ಮೊಮೊ

ಮುಗ್ಲಿನ್ ಹದಿನಾಲ್ಕು

2013ರ ಫೆಬ್ರವರಿಯಲ್ಲಿ, ನಾವು ಲುಂಬಿನಿ ಬಿಟ್ಟ ದಿನ ಬೆಳಿಗ್ಗೆ, ನನ್ನ ಗಡಿಯಾರದಲ್ಲಿ ಹತ್ತು ಗಂಟೆ ಇಪ್ಪತ್ತು ನಿಮಿಷವಾಗಿದ್ದಾಗ, ನಾನು ನೇಪಾಳದ ನಾರಾಯಣಗಢದಿಂದ ಮುಗ್ಲಿನ್‌ಗೆ ಹೋಗುವ ರಸ್ತೆಯ ಎಡಬದಿಯಲ್ಲಿ ನಿಂತಿದ್ದೆ. ‘ಮುಗ್ಲಿನ್ 14’ ಎಂದು ದೇವನಾಗರಿಯಲ್ಲಿ ಬರೆದ ಕಲ್ಲು ನನ್ನಿಂದ ಆರು ಹೆಜ್ಜೆ ಮುಂದಿತ್ತು. ಬೆನ್ನ ಹಿಂದೆ, ಬಹಳ ಕೆಳಗೆ, ತ್ರಿಶೂಲಿ ನದಿ. ಎದುರಿಗೆ, ರಸ್ತೆಯ ಬಲಬದಿಯ ಗುಡ್ಡದ ಮಣ್ಣಿಗೆ ಮೂತಿ ಒತ್ತಿಕೊಂಡು ನಮ್ಮ ಬಸ್ಸು ನಿಂತಿತ್ತು. ಅದರಲ್ಲಿ ಮೂವತ್ತೆಂಟು ಜನ ಇದ್ದೆವು. ಯಾರಿಗೂ ಗಾಯವಾಗಿರಲಿಲ್ಲ. ಒಬ್ಬ ಹೆಣ್ಣುಮಗಳ ಒಂದು ಚಪ್ಪಲಿ ಕಾಣೆಯಾಗಿತ್ತು. ಅದು ಆಮೇಲೆ ನಾಲ್ಕನೆಯ ಸೀಟಿನ ಕೆಳಗೆ ಸಿಕ್ಕಿತು.

ನೇಪಾಳದ ಹೊತ್ತು ನಮ್ಮ ಹೊತ್ತಿಗಿಂತ ಹದಿನೈದು ನಿಮಿಷ ಮುಂದು. ನಾನು ಗಡಿಯಾರ ತಿರುಗಿಸಿರಲಿಲ್ಲ. ಪರದೇಶಕ್ಕೆ ಹೋದವರು ಮುಳ್ಳನ್ನು ಗಂಟೆಗಟ್ಟಲೆ ತಿರುಗಿಸುತ್ತಾರೆ ಎಂದು ಕೇಳಿದ್ದೆ. ಹದಿನೈದು ನಿಮಿಷಕ್ಕಾಗಿ ತಿರುಗಿಸಲು ಮನಸ್ಸು ಬರಲಿಲ್ಲ. ನಮ್ಮ ಕಡೆ ಬಸ್ಸು ಅಷ್ಟು ತಡವಾದರೆ ತಡವೆಂದು ಯಾರೂ ಅನ್ನುವುದೂ ಇಲ್ಲ.

ನಾನು ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಕಂಟ್ರೋಲರ್ ಆಗಿದ್ದವನು. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ, ಈ ನಾಲ್ಕು ಕಡೆ ಕಿಟಕಿಯ ಹಿಂದೆ ಕುಳಿತು ಬಸ್ಸು ಬಂದ ಹೊತ್ತು, ಬಿಟ್ಟ ಹೊತ್ತು ಬರೆದಿದ್ದೇನೆ. ‘ಬ್ರೇಕ್ ಫೇಲ್’ ಎಂದು ರಿಜಿಸ್ಟರಿನಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಎರಡು ಶಬ್ದಗಳ ಒಳಗೆ ಕುಳಿತದ್ದು ಅದೇ ಮೊದಲ ಸಲ. ಇಳಿಜಾರಿನಲ್ಲಿ ಬಸ್ಸು ವೇಗ ಹಿಡಿದದ್ದು, ಡ್ರೈವರ್ ಎರಡು ಸಲ ಕಾಲು ಒತ್ತಿ ಮೂರನೆಯ ಸಲ ಒತ್ತದೆ ಸ್ಟೇರಿಂಗನ್ನು ನದಿಯ ಬದಿಯಿಂದ ಗುಡ್ಡದ ಬದಿಗೆ ಎಳೆದದ್ದು, ಎರಡನ್ನೂ ನಾನು ನೋಡಿದ್ದೆ. ಕೆಳಗಿಳಿದು ಜೇಬಿನ ಪುಸ್ತಕದಲ್ಲಿ 10-20 ಎಂದು ಬರೆದೆ. ಸೊನ್ನೆ ಸರಿಯಾಗಿ ಬರಲಿಲ್ಲ, ಕೈ ನಡುಗುತ್ತಿತ್ತು.

ನನ್ನ ಅಕ್ಕ ಶೇವಂತಾ ಅದನ್ನು ಕಂಡಳು. ಅವಳು ಚಿಕ್ಕೋಡಿ ತಾಲೂಕಿನ ಕರೋಶಿಯವಳು. ಅರವತ್ತಾರು ವರ್ಷ, ಕಬ್ಬಿನ ಗದ್ದೆಯಲ್ಲಿ ದುಡಿದ ಕೈ.

“ಬಾಳ್ಯಾ, ಗಾಡಿ ನಿಂತ ಮ್ಯಾಲ ಯಾಕ ನಡಗಾಕತ್ತೀ? ನಡಗೂದಿದ್ರ ಅದು ಓಡುಮುಂದ ನಡಗಬೇಕಿತ್ತು.”

“ಓಡುಮುಂದ ಹೊತ್ತ ಸಿಗಲಿಲ್ಲಕ್ಕಾ,” ಎಂದೆ.

ನಾವು ನಾಲ್ವರಿದ್ದೆವು. ನಾನು, ನನ್ನ ಹೆಂಡತಿ ಸುಮನ್, ಶೇವಂತಕ್ಕ, ಮತ್ತು ರಾಯಬಾಗದಲ್ಲಿ ನಮ್ಮ ಓಣಿಯವರೇ ಆದ ನಿವೃತ್ತ ಶಿಕ್ಷಕ ದತ್ತು ಮಾಸ್ತರ. ಭಗವಾನ್ ಬುದ್ಧರು ಹುಟ್ಟಿದ ನೆಲ ನೋಡಬೇಕೆಂದು ನಾಲ್ಕು ವರ್ಷ ಮಾತಾಡಿ ಐದನೆಯ ವರ್ಷ ಹೊರಟಿದ್ದೆವು. ಲುಂಬಿನಿಯ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ನಾನು ಬರೆಯಬೇಕೆಂದಿರುವುದು ಅಲ್ಲಿಂದ ಕಾಠ್ಮಂಡುವಿಗೆ ಹೋಗುವ ದಾರಿಯಲ್ಲಿ ಒಂದು ಮೊಮೊ ಅಂಗಡಿಯಲ್ಲಿ ನಡೆದದ್ದನ್ನು, ಅಷ್ಟನ್ನೇ.

ಒಂದು ಗಂಟೆಯೊಳಗೆ ಹಿಂದಿನಿಂದ ಬಂದ ಬಸ್ಸುಗಳು ನಮ್ಮ ಜೊತೆಯವರನ್ನು ಒಬ್ಬಿಬ್ಬರಂತೆ ಹತ್ತಿಸಿಕೊಂಡು ಹೋದವು. ನಮಗೆ ಜಾಗ ಸಿಗಲಿಲ್ಲವೆಂದು ಊರಿಗೆ ಬಂದ ಮೇಲೆ ನಾನೇ ಎಲ್ಲರಿಗೂ ಹೇಳಿದ್ದೇನೆ. ಅದು ನಿಜವಲ್ಲ. ಒಂದು ಬಸ್ಸಿನಲ್ಲಿ ಹಿಂದಿನ ಉದ್ದ ಸೀಟು ಪೂರ್ತಿ ಖಾಲಿ ಇತ್ತು. ನಾನೇ ಹತ್ತಲಿಲ್ಲ. “ಸಾಮಾನು ಬಾಳ ಐತ್ರಿ, ನಾಳೆ ಹೋಗೂಣು,” ಎಂದೆ. ಸಾಮಾನು ಎಂದರೆ ಮೂರು ಚೀಲ. ಸುಮನ್ ನನ್ನ ಮುಖ ನೋಡಿ ಮೂರೂ ಚೀಲಗಳನ್ನು ರಸ್ತೆಯ ಬದಿಗೆ ಸರಿಸಿದಳು.

ಮಾಯಾಳ ಅಂಗಡಿ

ಡ್ರೈವರ್ ಹೆಸರು ಕೃಷ್ಣ. ನಲವತ್ತರ ಆಸುಪಾಸಿನ ಸಪೂರ ಮನುಷ್ಯ. ಮೆಕ್ಯಾನಿಕ್ ಬರುವುದು ಸಂಜೆಯಾಗುತ್ತದೆ ಎಂದು ಫೋನಿನಲ್ಲಿ ತಿಳಿದ ಮೇಲೆ ಅವನು ನಮ್ಮನ್ನು ಎರಡು ತಿರುವು ಮೇಲೆ ಇದ್ದ ಒಂದು ಅಂಗಡಿಗೆ ಕರೆದೊಯ್ದ. ತಗಡಿನ ಮಾಡು, ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ. ಅಂಗಡಿಯವಳು ಮಾಯಾ. ಗಂಡ ಕತಾರ್‌ನಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಅವಳೂ ಅವಳ ಅತ್ತೆಯೂ ಇಬ್ಬರೇ. ಅತ್ತೆಯನ್ನು ಎಲ್ಲರೂ ಆಮಾ ಎನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಆಮಾಳಿಗೆ ಹಿಂದಿನ ವರ್ಷ ಲಕ್ವಾ ಹೊಡೆದು ಬಲಗೈ ಸತ್ತುಹೋಗಿತ್ತು. ಒಲೆಯ ಪಕ್ಕದ ಚಾಪೆಯ ಮೇಲೆ, ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

ಮಾಯಾ, ಕೃಷ್ಣ ನಮ್ಮೊಡನೆ ಮಾತಾಡಿದ್ದು ಹಿಂದಿಯಲ್ಲಿ. ಅವರವರ ನಡುವಿನ ಮಾತನ್ನೂ ಕೇಳಿದವರಿಗೆ ಹಿಂದಿಯಲ್ಲಿ ಹೇಳುತ್ತಿದ್ದರು. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

ಮಾಯಾ ಕೃಷ್ಣನಿಗೆ ಚಹಾ ಕೊಟ್ಟಳು. ಅವನ ಮುಖ ನೋಡದೆ ಕೊಟ್ಟಳು.

“ಎಂಟು ತಿಂಗಳಾಯಿತು ಈ ಬಾಗಿಲಿಗೆ ಬಂದು. ಬಸ್ಸು ಕೆಟ್ಟರೆ ಮಾತ್ರ ಮಾಯಾಳ ನೆನಪು.”

“ನಿನ್ನ ಮೇಲೆ ಸಿಟ್ಟಿಲ್ಲ ತಂಗಿ,” ಎಂದ ಕೃಷ್ಣ. “ನಿನ್ನ ಮೊಮೊ ಮೇಲೆ ಸಿಟ್ಟು. ಹದಿನೈದು ನಿಮಿಷ ನಿಲ್ಲಿಸಿದರೆ ಇಪ್ಪತ್ತೈದು ಆಗುತ್ತಿತ್ತು. ಒಂದು ದೊಡ್ಡದು, ಒಂದು ಸಣ್ಣದು. ಸಣ್ಣದು ಸಿಕ್ಕವನು ಇನ್ನೊಂದು ತಟ್ಟೆ ಕೇಳುತ್ತಾನೆ. ದೊಡ್ಡದು ಕಚ್ಚಿದವನು ನಾಲಿಗೆ ಸುಟ್ಟುಕೊಳ್ಳುತ್ತಾನೆ. ನಾನು ಹಾರ್ನ್ ಹೊಡೆಯುತ್ತೇನೆ, ಅವರು ಊದುತ್ತಾ ಕೂತಿರುತ್ತಾರೆ.”

ನನಗೆ ತಕ್ಷಣ ಅರ್ಥವಾಯಿತು. ನಮ್ಮ ಕಡೆಯೂ ದೂರದ ಬಸ್ಸು ಯಾವ ಹೋಟೆಲಿನ ಮುಂದೆ ನಿಲ್ಲಬೇಕೆಂದು ಪ್ರಯಾಣಿಕ ಹೇಳುವುದಿಲ್ಲ, ಡ್ರೈವರ್ ಹೇಳುತ್ತಾನೆ. ಅವನು ನಿಲ್ಲಿಸಿದರೆ ಒಲೆ ಉರಿಯುತ್ತದೆ. ಈ ಅಂಗಡಿಯ ಮುಂದೆ ದಿನಕ್ಕೆ ಎರಡು ಬಸ್ಸು ನಿಲ್ಲುತ್ತಿದ್ದವು, ಎರಡೂ ಕೃಷ್ಣನ ಅಣ್ಣನವು. ಆಮಾಳ ಕೈ ಚೆನ್ನಾಗಿದ್ದಾಗ ಮೊಮೊದ ಹಾಳೆಯನ್ನು ಅವಳೇ ಲಟ್ಟಿಸುತ್ತಿದ್ದಳು. ಅಂದರೆ ಹೂರಣ ತುಂಬಿ ಉಗಿಯಲ್ಲಿ ಬೇಯಿಸುವ ಮೊದಲಿನ ಆ ದುಂಡನೆಯ, ತೆಳ್ಳನೆಯ ಹಿಟ್ಟಿನ ಹಾಳೆ. ಮಾಯಾ ತುಂಬಿ ಮುಚ್ಚುತ್ತಿದ್ದಳು. ಲಕ್ವಾ ಹೊಡೆದ ಮೇಲೆ ಎರಡೂ ಮಾಯಾಳ ಪಾಲಿಗೆ ಬಂತು. ಮುಚ್ಚುವ ಕೈಗೆ ಲಟ್ಟಿಸುವ ಅಳತೆ ಗೊತ್ತಿರಲಿಲ್ಲ. ಬಸ್ಸುಗಳು ಮೇಲಿನ ತಿರುವಿನ ದೊಡ್ಡ ಹೋಟೆಲಿಗೆ ಹೋದವು.

“ನೀನು ನಿಲ್ಲಿಸದಿದ್ದರೆ ಈ ತಿಂಗಳಿಗೆ ಮುಚ್ಚುತ್ತೇನೆ,” ಎಂದಳು ಮಾಯಾ. “ನಾರಾಯಣಗಢದಲ್ಲಿ ಒಂದು ಹೋಟೆಲಿನವರು ಪಾತ್ರೆ ತೊಳೆಯಲು ಕರೆದಿದ್ದಾರೆ. ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಬರಬೇಡ ಅಂದಿದ್ದಾರೆ.”

ಆಮಾ ಈ ಮಾತು ಕಿವಿಗೆ ಬೀಳದವಳಂತೆ ಒಲೆಯ ಕಡೆ ನೋಡುತ್ತಿದ್ದಳು. ಬಿದ್ದಿತ್ತು ಎಂದು ನನಗೆ ಅನ್ನಿಸಿತು.

ಕೃಷ್ಣ ಚಹಾ ಕುಡಿದು ಲೋಟ ಕೆಳಗಿಟ್ಟ. ನಾಳೆ ಅವನ ಅಣ್ಣನ ಇನ್ನೊಂದು ಬಸ್ಸು ಇದೇ ದಾರಿಯಲ್ಲಿ ಬರುತ್ತದೆ, ನಮ್ಮನ್ನು ಅದರಲ್ಲೇ ಹತ್ತಿಸುವುದಾಗಿ ಹೇಳಿದ. ಹೇಗೂ ಅದು ಇಲ್ಲಿ ನಿಲ್ಲಲೇಬೇಕು.

“ಹದಿನೈದು ನಿಮಿಷ ನಿಲ್ಲಿಸುತ್ತೇನೆ. ಹದಿನೈದು ನಿಮಿಷಕ್ಕೆ ಎಲ್ಲರೂ ತಿಂದು ಹತ್ತಿದರೆ ನಾಡಿದ್ದಿನಿಂದ ಎರಡೂ ಬಸ್ಸು ದಿನಾ ನಿಲ್ಲುತ್ತವೆ. ಹದಿನಾರು ಆದರೆ ನನ್ನನ್ನು ಮತ್ತೆ ಕೇಳಬೇಡ.”

ದತ್ತು ಮಾಸ್ತರ ನನ್ನ ಕಿವಿಯಲ್ಲಿ, “ಇಂವಾ ಡ್ರೈವರ್ ಅಲ್ರಿ ಕಂಟ್ರೋಲರ್ ಸಾಹೇಬ್ರ, ಇನ್ಸ್‌ಪೆಕ್ಟರ್,” ಎಂದರು.

ಮೊದಲ ಪಾತ್ರೆ

ಶೇವಂತಕ್ಕ ಇನ್ನೊಬ್ಬರ ಅಡುಗೆಮನೆಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಅತಿಥಿಯಾಗಿ ಕೂತದ್ದನ್ನು ನಾನು ಕಂಡಿಲ್ಲ. ಮಾಯಾ ಮೈದಾ ಹಿಟ್ಟು ನಾದುತ್ತಿದ್ದಳು. ಅಕ್ಕ ಎದ್ದು ಹೋಗಿ ಅವಳ ಕೈಯಿಂದ ಲಟ್ಟಣಿಗೆ ತೆಗೆದುಕೊಂಡಳು.

“ಇದು ನಮ್ಮ ಕಡಬ ಐತಿ. ನನಗ ಇದನ್ನ ಯಾರ ಕಲಿಸ್ತಾರ?”

ಕಡಬಿನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಪಂಚಮಿಗೆ ಒಲೆಯ ಮೇಲೆ ಹಂಚು ಇಡುವುದಿಲ್ಲ, ಏನನ್ನೂ ಕರಿಯುವುದಿಲ್ಲ. ಗೋಧಿ ಕಣಕದಲ್ಲಿ ಬೇಳೆ ಬೆಲ್ಲದ ಹೂರಣ ತುಂಬಿ ಉಗಿಯಲ್ಲಿ ಬೇಯಿಸುತ್ತಾರೆ. ನಮ್ಮ ಮನೆತನ ಬುದ್ಧನ ದಾರಿ ಹಿಡಿದ ಮೇಲೂ ಅಕ್ಕ ಪಂಚಮಿಯ ಕಡಬನ್ನು ಬಿಟ್ಟಿರಲಿಲ್ಲ. “ನಾಗಪ್ಪನ್ನ ಬಿಟ್ಟೀನಿ, ಕಡಬ ಯಾಕ ಬಿಡ್ಲಿ?” ಎನ್ನುತ್ತಿದ್ದಳು. ಆ ಕಡಬಿನ ಹಾಳೆ ಎಷ್ಟಗಲ ಇರಬೇಕೆಂದು ನಮ್ಮ ಮನೆಯಲ್ಲಿ ಯಾರೂ ಕೇಳಿದವರಿಲ್ಲ. ಅವ್ವ ತೋರಿಸಿಕೊಟ್ಟಂತೆ, ಅದು ಲಟ್ಟಿಸುವವಳ ಅಂಗೈಯನ್ನು ಪೂರ್ತಿ ಮುಚ್ಚಿ ಬೆರಳಿನ ಬುಡ ದಾಟಬೇಕು. ಅಷ್ಟೇ ಲೆಕ್ಕ.

ಅಕ್ಕ ಹಿಟ್ಟಿಗೆ ಎರಡು ಚಮಚ ಎಣ್ಣೆ ಹಾಕಿ ಮತ್ತೆ ನಾದಿದಳು. ಮಣೆಗೆ ಎಣ್ಣೆ ಸವರಿದಳು. ಮಾಯಾ ಒಣಹಿಟ್ಟಿನ ತಟ್ಟೆ ಮುಂದೆ ತಳ್ಳಿದಳು. ಅಕ್ಕ ಅದನ್ನು ವಾಪಸ್ ತಳ್ಳಿದಳು.

“ಕಣಕಕ್ಕ ಎಣ್ಣಿ ಕುಡಸಬೇಕ ಬೇ. ಇಲ್ಲಂದ್ರ ಅದು ಮಾತ ಕೇಳೂದಿಲ್ಲ.”

ಹಾಳೆಗಳು ಐದು ಇಂಚು ಅಗಲ ಬಂದವು. ನಾನು ಬಸ್ಸಿನ ಟಿಕೆಟ್ ಇಟ್ಟು ಅಳೆದೆ, ಟಿಕೆಟ್ಟಿನ ಉದ್ದ ನನಗೆ ಗೊತ್ತಿತ್ತು. ಎಲೆಕೋಸು, ಉಳ್ಳಾಗಡ್ಡಿ, ಶುಂಠಿ ಕೂಡಿಸಿದ ಹೂರಣ ಒಂದೊಂದಕ್ಕೆ ಒಂದು ಹಿಡಿ ಹೋಯಿತು. ಮಾಯಾ ಅಂಚನ್ನು ನೆರಿಗೆ ಹಿಡಿದು ಮೇಲೆ ಗಂಟು ಮಾಡಿದಳು. ತಳದಲ್ಲಿ ತೂತುಗಳಿರುವ ಮೂರು ಅಂತಸ್ತಿನ ಅಲ್ಯೂಮಿನಿಯಂ ಪಾತ್ರೆ ಅಲ್ಲಿ ಎರಡಿದ್ದವು, ನಮ್ಮ ಇಡ್ಲಿ ಪಾತ್ರೆಯ ದೊಡ್ಡಣ್ಣಗಳು. ಒಂದು ಅಂತಸ್ತಿನಲ್ಲಿ ಇಪ್ಪತ್ತೇ ಹಿಡಿಸಿದವು.

ನಾನು ಹೊತ್ತು ನೋಡುತ್ತಿದ್ದೆ. ಹದಿನೈದು ನಿಮಿಷಕ್ಕೆ ಮುಚ್ಚಳ ತೆಗೆದರೆ ಗಂಟಿನ ಹಿಟ್ಟು ಹಸಿ. ಇಪ್ಪತ್ತೆರಡಕ್ಕೆ ತೆಗೆದರೂ ಹಸಿ. ಆದರೆ ಅದಕ್ಕಿಂತ ಕೆಟ್ಟದ್ದು ಎಣ್ಣೆ ಮಾಡಿತ್ತು. ಎಣ್ಣೆ ಕುಡಿದ ಅಂಚು ಅಂಚಿಗೆ ಅಂಟಲಿಲ್ಲ. ಉಗಿ ತಾಗಿದ ಮೇಲೆ ಒಂದೊಂದೇ ಮೊಮೊ ಬಾಯಿ ಬಿಟ್ಟಿತು. ಕೋಸಿನ ನೀರೆಲ್ಲ ಕೆಳಗಿನ ಪಾತ್ರೆಗೆ ಇಳಿದುಹೋಗಿತ್ತು.

ಆಮಾ ಕತ್ತು ಚಾಚಿ ನೋಡಿದಳು. ಬಾಯಿಯ ಒಂದೇ ಬದಿಯಿಂದ ಏನೋ ಅಂದಳು. ಮಾಯಾ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು.

“ಏನಂತಾಳ?” ಎಂದಳು ಅಕ್ಕ.

“ಇದು ಮೊಮೊ ಅಲ್ಲ, ಟೋಪಿ ಅಂತಾರೆ ದಿದಿ.”

ಟೋಪಿ ಎಂಬುದು ಮರಾಠಿಯಲ್ಲೂ ಟೋಪಿಯೇ. ಅಕ್ಕ ನೇರವಾಗಿ ಆಮಾಳಿಗೇ ಮರಾಠಿಯಲ್ಲಿ, ಟೋಪಿಯಾದರೆ ತಲೆಯ ಮೇಲೆ ಇಟ್ಟುಕೋ ಎಂದು ಹೇಳಿ, ಒಂದು ಮೊಮೊ ಎತ್ತಿ ತನ್ನ ತಲೆಯ ಮೇಲೆ ಇಟ್ಟಂತೆ ಮಾಡಿದಳು. ಆಮಾ ಅರ್ಧ ಮುಖದಲ್ಲೇ ನಕ್ಕಳು. ಲಕ್ವಾ ಹೊಡೆದ ಮೇಲೆ ಅತ್ತೆ ನಕ್ಕದ್ದನ್ನು ಈಗಲೇ ನೋಡಿದೆ ಎಂದು ಮಾಯಾ ಆಮೇಲೆ ಸುಮನ್‌ಗೆ ಹೇಳಿದಳಂತೆ.

ಎರಡನೆಯ ಸಲ ಸುಮನ್ ಲಟ್ಟಿಸಿದಳು. ಅಕ್ಕನ ಟೋಪಿ ನೋಡಿ ಹೆದರಿದ್ದ ಅವಳು ಎರಡು ಇಂಚಿಗೆ ನಿಲ್ಲಿಸಿದಳು. ಎಣ್ಣೆ ಇಲ್ಲ, ಒಣಹಿಟ್ಟು. ಏಳು ನಿಮಿಷಕ್ಕೆ ಬೆಂದವು, ಒಂದೂ ಬಾಯಿ ಬಿಡಲಿಲ್ಲ. ಆದರೆ ಹೂರಣಕ್ಕೆ ಜಾಗವೇ ಇರಲಿಲ್ಲ, ನೆರಿಗೆಯ ಹಿಟ್ಟೇ ಎಲ್ಲ. ಒಂದು ತಟ್ಟೆ ತುಂಬಲು ಇಪ್ಪತ್ತು ಬೇಕು, ಇಪ್ಪತ್ತು ಮುಚ್ಚಲು ಮಾಯಾಳಿಗೆ ಹತ್ತು ನಿಮಿಷ ಬೇಕು.

ದತ್ತು ಮಾಸ್ತರ ತಮ್ಮ ತಟ್ಟೆಗೆ ಬಂದ ಎರಡೂ ಬಗೆಯನ್ನು ಒಂದೂ ಬಿಡದೆ ತಿಂದರು.

“ಮಾಸ್ತರ, ಹಸಿ ಹಿಟ್ಟ ಐತ್ರಿ ಅದು,” ಎಂದಳು ಸುಮನ್.

“ನಲವತ್ತ ವರ್ಷ ಹುಡುಗೂರ ಪೇಪರ್ ತಿದ್ದೀನಿ ತಂಗಿ. ಹಸಿ, ಅರೆಬೆಂದದ್ದು ಎಲ್ಲಾ ನುಂಗಿ ರೂಢಿ ಐತಿ.”

ಆಮಾಳ ಅಂಗೈ

ಮೂರು ಗಂಟೆಯ ಹೊತ್ತಿಗೆ ಎಲ್ಲರೂ ಸುಸ್ತಾಗಿದ್ದರು. ಅಕ್ಕ ಬೆವರೊರೆಸಿಕೊಂಡು ಕೂತಿದ್ದಳು. ಮಾಯಾ ತೆರೆದುಕೊಂಡ ಮೊಮೊಗಳ ಹೂರಣವನ್ನು ಮತ್ತೆ ಪಾತ್ರೆಗೆ ಸುರಿಯುತ್ತಿದ್ದಳು. ನಾನು ಬಾಗಿಲಲ್ಲಿ ಕೂತು ಎದುರಿನ ರಸ್ತೆಯಲ್ಲಿ ಹೋಗುವ ಬಸ್ಸುಗಳ ಹೊತ್ತು ಬರೆಯುತ್ತಿದ್ದೆ. ಯಾವುದನ್ನೂ ಹತ್ತಬೇಕೆಂದು ಅನ್ನಿಸಲಿಲ್ಲ.

ಆಗ ನನಗೆ ನಿಪ್ಪಾಣಿ ನೆನಪಾಯಿತು. ಅಲ್ಲಿ ಕೊಲ್ಹಾಪುರದ ಕಡೆ ಹೋಗುವ ಬಸ್ಸುಗಳಿಗೆ ಹದಿನೈದು ನಿಮಿಷದ ಹಾಲ್ಟ್ ಇತ್ತು. ನಿಲ್ದಾಣದ ಕ್ಯಾಂಟೀನಿನಲ್ಲಿ ವಡಾಪಾವ್ ಖಾಲಿಯಾಗುತ್ತಿತ್ತು, ಬಿಸಿ ರಸದಲ್ಲಿ ಮುಳುಗಿಸಿ ಕೊಡುವ ಮಿಸಳ್ ಹಾಗೇ ಉಳಿಯುತ್ತಿತ್ತು. ಮಿಸಳ್ ರುಚಿಯಿಲ್ಲವೆಂದಲ್ಲ. ಹದಿನೈದು ನಿಮಿಷದ ಹಾಲ್ಟ್ ಎಂಬುದು ರಿಜಿಸ್ಟರಿನ ಮಾತು. ಇಳಿಯಲು ಎರಡು ನಿಮಿಷ ಹೋಗುತ್ತದೆ. ಮೂತ್ರಕ್ಕೆ ಹೋಗಿ ಕೈ ತೊಳೆಯಲು ನಾಲ್ಕು. ಹತ್ತಿ ಕೂರಲು ಎರಡು. ಬಾಯಿಗೆ ಉಳಿಯುವುದು ಏಳು ನಿಮಿಷ.

“ಏಳು ನಿಮಿಷ ಐತ್ರಿ, ಹದಿನೈದಲ್ಲ,” ಎಂದೆ. ಒಳಗಿದ್ದವರೆಲ್ಲ ತಿರುಗಿ ನೋಡಿದರು.

ನಾನು ಪುಸ್ತಕ ತೆಗೆದು ವಿವರಿಸಿದೆ. ಬೇಯುವ ಹೊತ್ತಿನ ಚಿಂತೆ ಇಲ್ಲ. ಬಸ್ಸು ಹತ್ತಿರ ಬಂದಾಗ ಅದರ ಡ್ರೈವರ್‌ನಿಂದ ಕೃಷ್ಣನಿಗೆ ಫೋನ್ ಬರುತ್ತದೆ, ಆಗ ಪಾತ್ರೆ ಒಲೆಯ ಮೇಲಿಟ್ಟರೆ ಸಾಕು. ಹೊತ್ತು ನುಂಗುವುದು ಮೊಮೊ ಆರಲೆಂದು ಕಾಯುವುದು. ದೊಡ್ಡದನ್ನು ಕಚ್ಚಿ ತಿನ್ನಬೇಕು, ಕಚ್ಚಿದರೆ ಒಳಗಿನ ಬಿಸಿ ರಸ ಅಂಗಿಯ ಮೇಲೆ. ಅದಕ್ಕೇ ಊದುತ್ತಾ ಕೂರುತ್ತಾರೆ. ತಟ್ಟೆಗೆ ಎಂಟು ಮೊಮೊ ಅಂದರೆ ಏಳು ನಿಮಿಷದಲ್ಲಿ ಎಂಟು ತುತ್ತು. ಒಂದೇ ತುತ್ತಿಗೆ ಪೂರ್ತಿ ಬಾಯೊಳಗೆ ಹೋಗಬೇಕು, ಆದರೆ ಎಂಟಕ್ಕೆ ಹೊಟ್ಟೆ ತುಂಬಬೇಕು. ಹಾಳೆಯ ಅಳತೆ ಲಟ್ಟಿಸುವವಳ ಅಂಗೈಯದಲ್ಲ, ತಿನ್ನುವವನ ಬಾಯಿಯದು.

ಮಾಯಾ ಇದನ್ನು ಆಮಾಳಿಗೆ ನೇಪಾಳಿಯಲ್ಲಿ ಹೇಳಿದಳು. ಆಮಾ ನನ್ನ ಕಡೆ ತಿರುಗಿದಳು. ಆಮೇಲೆ ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ, ಮಗುವನ್ನು ಮಲಗಿಸುವಂತೆ ಮಣೆಯ ಮೇಲೆ ಅಂಗಾತ ಇಟ್ಟಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಎಡಗೈಯ ತೋರುಬೆರಳಿನಿಂದ ಬೆರಳುಗಳ ಬುಡದಿಂದ ಮಣಿಕಟ್ಟಿನ ಗೆರೆಯವರೆಗೆ ಒಂದು ದುಂಡು ಎಳೆದು ತೋರಿಸಿದಳು.

ಅವಳದೂ ಅಂಗೈಯ ಅಳತೆಯೇ. ಆದರೆ ಅದು ಸಣ್ಣ ಅಂಗೈ. ಅಕ್ಕ ತನ್ನ ಕೈಯನ್ನು ಅದರ ಪಕ್ಕದಲ್ಲಿ ಇಟ್ಟಳು. ಕಬ್ಬು ಕಟ್ಟಿದ ಕೈ ಎಲ್ಲ ಕಡೆಯಿಂದಲೂ ಒಂದೊಂದು ಬೆರಳು ಹೆಚ್ಚಿತ್ತು. ಇಬ್ಬರು ಮುದುಕಿಯರೂ ಎರಡು ಕೈಗಳನ್ನು ನೋಡಿದರು.

“ನನ್ನ ತಪ್ಪಲ್ಲ ಇದು, ನಮ್ಮವ್ವಂದು,” ಎಂದಳು ಅಕ್ಕ. “ಅಂಗೈಯಷ್ಟ ಅಂದ್ಳು. ಯಾರ ಅಂಗೈ ಅಂತ ಹೇಳಲಿಲ್ಲ.”

ಆದರೆ ಮಾಯಾಳ ಕೈ ಇನ್ನೂ ಬೇರೆ ಅಳತೆಯದು. ನಾವು ನಾಳೆ ಹೋಗುತ್ತೇವೆ, ಆಮಾ ಎಷ್ಟು ದಿನ ಕೈ ಹಾಸಿ ಕೂರುತ್ತಾಳೆ? ಯಾರ ಕೈಯೂ ಅಲ್ಲದ ಒಂದು ಅಳತೆ ಬೇಕಿತ್ತು. ಲೋಟ ಇಟ್ಟು ನೋಡಿದರು, ಸಣ್ಣದಾಯಿತು. ಡಬ್ಬಿಯ ಮುಚ್ಚಳ ದೊಡ್ಡದಾಯಿತು. ಸುಮನ್ ತನ್ನ ಕೈಯಿಂದ ಒಂದು ಪ್ಲಾಸ್ಟಿಕ್ ಬಳೆ ತೆಗೆದು ಆಮಾಳ ಅಂಗೈಯ ಮೇಲೆ ಇಟ್ಟಳು. ಅಥಣಿಯಲ್ಲಿ ಕೊಂಡ ಬಳೆ, ಎರಡು-ಹತ್ತರ ಅಳತೆ. ಆಮಾ ಎಳೆದ ದುಂಡಿನ ಒಳಗೆ ಅದು ಕೂತಿತು, ಸುತ್ತಲೂ ಅರ್ಧ ಬೆರಳಿನಷ್ಟು ಅಂಚು ಉಳಿಯಿತು.

ಆಮಾ ಆ ಉಳಿದ ಅಂಚನ್ನು ಮುಟ್ಟಿ ಏನೋ ಹೇಳಿದಳು. ಈ ಸಲ ಮಾಯಾ ನಗಲಿಲ್ಲ.

“ಅದೇ ಅಂತಾರೆ. ಬಳೆಯ ಒಳಗೆ ಹಿಟ್ಟು ದಪ್ಪ ಇರಲಿ, ಅಲ್ಲಿ ಲಟ್ಟಣಿಗೆ ಹೋಗಬಾರದು. ಬಳೆಯ ಹೊರಗೆ ತೆಳ್ಳಗೆ. ಒಳಗೆ ದಪ್ಪ ಇದ್ದರೆ ರಸ ಸೋರುವುದಿಲ್ಲ, ಅಂಚು ತೆಳ್ಳಗಿದ್ದರೆ ಗಂಟು ಬೇಯುತ್ತದೆ. ಇಷ್ಟು ವರ್ಷ ಮಾಡಿದರೂ ಇದನ್ನು ನನಗೆ ಹೇಳಿರಲಿಲ್ಲ.” ಅವಳು ಅತ್ತೆಯ ಕಡೆ ತಿರುಗಿ ನೇಪಾಳಿಯಲ್ಲಿ ಕೇಳಿದಳು. ಆಮಾ ಉತ್ತರ ಕೊಟ್ಟಳು.

“ಏನಂದ್ಳು?” ಎಂದಳು ಸುಮನ್.

“ನೀನು ಕೇಳಲಿಲ್ಲ ಅಂದರು.”

ಆ ಅಂಚೂ ಸೇರಿದ ಹಾಳೆಯನ್ನು ಟಿಕೆಟ್ ಇಟ್ಟು ಅಳೆದೆ. ಮೂರೂಕಾಲು ಇಂಚಿಗೆ ಒಂದು ನೂಲು ಕಡಿಮೆ. ಸಂಜೆ ಬೆಂದ ಪಾತ್ರೆಯಲ್ಲಿ ಒಂದೂ ಬಾಯಿ ಬಿಡಲಿಲ್ಲ. ಹನ್ನೊಂದು ನಿಮಿಷಕ್ಕೆ ಬೆಂದವು. ದತ್ತು ಮಾಸ್ತರ ಎಂಟು ತಿಂದು, ಮೊದಲ ಸಲ ಇನ್ನು ಸಾಕು ಎಂದರು.

ಮರುದಿನ, ಹತ್ತೂವರೆ

ರಾತ್ರಿ ನಾವು ಮೇಲಿನ ಕೋಣೆಗಳಲ್ಲಿ ಮಲಗಿದೆವು, ಬಸ್ಸು ಇನ್ನೂ ರಿಪೇರಿಯಾಗದೆ ಕೃಷ್ಣನೂ ಅಲ್ಲೇ ಉಳಿದ. ಮರುದಿನ ನನ್ನ ಗಡಿಯಾರದಲ್ಲಿ ಹತ್ತು ಹದಿನೆಂಟಕ್ಕೆ ಕೃಷ್ಣನಿಗೆ ಫೋನ್ ಬಂತು. ಬೆಳಿಗ್ಗೆಯಿಂದ ಮೂವರು ಹೆಂಗಸರೂ ಮಾಡಿಟ್ಟಿದ್ದ ಮೊಮೊಗಳು ಎರಡು ಪಾತ್ರೆಗಳಲ್ಲಿ ಒಲೆ ಏರಿದವು. ಹತ್ತು ಮೂವತ್ತೊಂದಕ್ಕೆ ಬಸ್ಸು ತಿರುವಿನಲ್ಲಿ ಕಾಣಿಸಿತು. ಮೂವತ್ತೆರಡಕ್ಕೆ ಸರಿಯಾಗಿ ನಿಂತಿತು. ಕೃಷ್ಣ ತನ್ನ ಫೋನಿನಲ್ಲಿ ಹೊತ್ತು ಹಿಡಿದ. ನಾನು ನನ್ನದರಲ್ಲಿ ಹಿಡಿದೆ.

ಮೂವತ್ತನಾಲ್ಕು ಜನ ಇಳಿದರು. ನಾನು ಅಂದುಕೊಂಡಂತೆಯೇ ಮೊದಲು ಯಾರೂ ಒಲೆಯ ಕಡೆ ಬರಲಿಲ್ಲ, ನೀರಿನ ಪೀಪಾಯಿಯ ಕಡೆ ಹೋದರು. ಐದನೆಯ ನಿಮಿಷಕ್ಕೆ ಒಮ್ಮೆಲೇ ಬಂದರು. ಮಾಯಾ ತಟ್ಟೆಗೆ ಎಂಟರಂತೆ ಹಾಕಿದಳು, ಸುಮನ್ ಕೆಂಪು ಚಟ್ನಿ ಸುರಿದಳು, ಅಕ್ಕ ಹಂಚಿದಳು. ಅಕ್ಕ ಪ್ರತಿಯೊಬ್ಬನಿಗೂ ಕನ್ನಡದಲ್ಲೇ, “ಪೂರ್ತಿ ಬಾಯಾಗ ಹಾಕ್ಕೊ, ಕಚ್ಚಬ್ಯಾಡ,” ಎಂದು ಹೇಳುತ್ತಿದ್ದಳು. ಅವಳ ಕೈ ನೋಡಿಯೇ ಅವರಿಗೆ ಅರ್ಥವಾಗುತ್ತಿತ್ತು.

ಯಾರೂ ಊದಲಿಲ್ಲ. ಒಬ್ಬ ಗಡ್ಡದ ಮುದುಕ ಮಾತ್ರ ಮೊದಲನೆಯದನ್ನು ಊದಿದ, ಎರಡನೆಯದನ್ನು ಊದಲಿಲ್ಲ. ಹನ್ನೆರಡನೆಯ ನಿಮಿಷಕ್ಕೆ ಅರ್ಧ ಜನ ಬಸ್ಸಿನೊಳಗಿದ್ದರು. ಹದಿಮೂರಕ್ಕೆ ಮೂವತ್ತನಾಲ್ಕೂ ಜನ ಒಳಗಿದ್ದರು. ನಾನು ಬಾಗಿಲಲ್ಲಿ ನಿಂತು ಎಣಿಸಿದೆ. ಸುಮನ್ ಹತ್ತಿದಳು, ಅಕ್ಕ ಹತ್ತಿದಳು, ಮಾಸ್ತರ ಹತ್ತಿದರು. ಇನ್ನು ಹೊರಗೆ ಉಳಿದ ಪ್ರಯಾಣಿಕ ಒಬ್ಬನೇ. ಅದು ನಾನು.

ಬಲಗಾಲನ್ನು ಮೆಟ್ಟಿಲ ಮೇಲೆ ಇಟ್ಟಿದ್ದೆ. ಎಡಗಾಲು ನೆಲದ ಮೇಲೆ ಇತ್ತು. ಅದು ಮೇಲೆ ಬರಲಿಲ್ಲ. ಬಸ್ಸಿನ ಮುಂದಿನ ಗಾಜಿನಲ್ಲಿ ಇಳಿಜಾರು ಕಾಣುತ್ತಿತ್ತು, ಅದರಾಚೆ ನದಿಯ ಬದಿಯಲ್ಲಿ ಬರೀ ಗಾಳಿ. ನಾನು ಕಂಬಿ ಹಿಡಿದುಕೊಂಡೆ. ಹದಿಮೂರೂವರೆ.

“ಬರ್ರಿ ಸಾಹೇಬ್ರ,” ಎಂದರು ಮಾಸ್ತರ ಒಳಗಿನಿಂದ.

“ಬಂದ್ನಿ,” ಎಂದೆ. ಬರಲಿಲ್ಲ.

ಹದಿನಾಲ್ಕು. ಕೃಷ್ಣ ಫೋನಿನಿಂದ ಮುಖ ಎತ್ತಿ ನನ್ನನ್ನು ನೋಡಿದ. ಮಾಯಾ ಕೈಯಲ್ಲಿ ಖಾಲಿ ತಟ್ಟೆಗಳನ್ನು ಹಿಡಿದು ಅಲ್ಲೇ ನಿಂತಿದ್ದಳು. ಏನು ನಡೆಯುತ್ತಿದೆ ಎಂದು ಅವಳಿಗೆ ತಿಳಿಯಿತು. ಅವಳು ತಟ್ಟೆಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸತೊಡಗಿದಳು.

ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಲೇ ಬಾಳ್ಯಾ, ಮೂವತ್ತೊಂದ ವರ್ಷ ಮಂದೀನ ಹತ್ತಿಸಿ ಸೀಟಿ ಹೊಡದಿ. ಒಮ್ಮೆ ನೀನೂ ಹತ್ತಪಾ.”

ಒಳಗಿದ್ದ ಜನ ನಕ್ಕರು, ಭಾಷೆ ತಿಳಿಯದೆಯೂ ನಕ್ಕರು. ನನಗೂ ನಗು ಬಂತು, ಆದರೆ ಕಾಲು ಬರಲಿಲ್ಲ.

ಆಗ ಆಮಾ ಎದ್ದು ಬಂದದ್ದನ್ನು ನಾನು ನೋಡಲಿಲ್ಲ. ಗೋಡೆ ಹಿಡಿದು, ಬಾಗಿಲು ಹಿಡಿದು, ಐದು ಹೆಜ್ಜೆ ಅಂಗಳ ದಾಟಿ ಬಂದಿದ್ದಳು ಎಂದು ಸುಮನ್ ಆಮೇಲೆ ಹೇಳಿದಳು. ನಾನು ನೋಡಿದ್ದು ನನ್ನ ಮುಖದ ಮುಂದೆ ಬಂದ ಅವಳ ಎಡಗೈಯನ್ನು, ಅದರಲ್ಲಿದ್ದ ಒಂದು ಮೊಮೊವನ್ನು. ಬೆಳಿಗ್ಗೆಯಿಂದ ಗಡಿಯಾರ ನೋಡುವುದರಲ್ಲಿ ನಾನು ಒಂದನ್ನೂ ತಿಂದಿರಲಿಲ್ಲ. ಬಾಯಿ ತೆರೆದೆ. ಅವಳು ಇಟ್ಟಳು. ಪೂರ್ತಿ ಒಳಗೆ ಹೋಯಿತು, ತುಟಿ ಮುಚ್ಚಿಕೊಂಡಿತು, ಎಲ್ಲೂ ಉಳಿಯಲಿಲ್ಲ. ಬಿಸಿ ಇತ್ತು, ಸುಡಲಿಲ್ಲ. ಬಾಯಿ ತುಂಬಿತ್ತು. ‘ಬಂದ್ನಿ’ ಎನ್ನಲು ಜಾಗವಿರಲಿಲ್ಲ. ಅನ್ನಲಾಗದೆ ಹತ್ತಿಬಿಟ್ಟೆ.

ನನ್ನ ಎಡಗಾಲು ಮೆಟ್ಟಿಲ ಮೇಲೆ ಬಂದಾಗ ಹದಿನಾಲ್ಕು ನಿಮಿಷ ಐವತ್ತು ಸೆಕೆಂಡ್. ಕೃಷ್ಣನ ಫೋನಿನಲ್ಲಿ ಐವತ್ತೆರಡು. ಅವನು ಫೋನನ್ನು ಜೇಬಿಗೆ ಹಾಕಿಕೊಂಡು ಮಾಯಾಳಿಗೆ, “ನಾಳೆ ಎರಡು ಬಸ್ಸು,” ಎಂದ. ಬಸ್ಸಿನ ಬಾಗಿಲನ್ನು ಎರಡು ಸಲ ತಟ್ಟಿದ. ಮಾಯಾ ಕೈಯಲ್ಲಿದ್ದ ತಟ್ಟೆಗಳನ್ನು ಬೆಂಚಿನ ಮೇಲೆ ಇಟ್ಟು, ಅತ್ತೆಯ ಸೊಂಟಕ್ಕೆ ಕೈ ಹಾಕಿ ಹಿಡಿದುಕೊಂಡಳು.

ಬಸ್ಸು ಹೊರಟಿತು. ಮುಗ್ಲಿನ್‌ವರೆಗೆ ನಾನು ಕಣ್ಣು ಮುಚ್ಚಿ ಕೂತೆ. ಸುಮನ್ ಬಳೆಯಿಲ್ಲದ ಕೈಯಿಂದ ನನ್ನ ಕೈ ಹಿಡಿದಿದ್ದಳು.

ರಾಯಬಾಗ

ಮಾಯಾ ವರ್ಷಕ್ಕೆ ಒಂದೆರಡು ಸಲ ಸುಮನ್‌ಗೆ ಫೋನ್ ಮಾಡುತ್ತಾಳೆ. ಎರಡು ಬಸ್ಸು ಮೂರಾದವು. ಬಳೆಯನ್ನು ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದ್ದಾಳಂತೆ. ಹೊಸಬರು ಯಾರಾದರೂ ಕೆಲಸಕ್ಕೆ ಬಂದರೆ ಅದನ್ನು ಕೈಗೆ ಹಾಕಿಕೊಳ್ಳಲು ಹೋಗುತ್ತಾರಂತೆ, ಮಾಯಾ ಬಯ್ಯುತ್ತಾಳಂತೆ. ಇತ್ತ ಕರೋಶಿಯಲ್ಲಿ ಅಕ್ಕ ಮುಂದಿನ ಪಂಚಮಿಗೂ ಐದು ಇಂಚಿನ ಕಡಬನ್ನೇ ಮಾಡಿದಳು. “ಇಲ್ಲಿ ಯಾವ ಬಸ್ ಹಿಡಿಯೂದೈತಿ?” ಎಂದಳು. ಅದು ನ್ಯಾಯವೇ. ನಾವು ಎರಡೆರಡು ತಿಂದು ಮಧ್ಯಾಹ್ನ ಪೂರ್ತಿ ಮಲಗಿದೆವು.

ಇದು ನಾನು ಕಂಡದ್ದು. ಆ ದಿನ ಅಲ್ಲಿದ್ದವರಲ್ಲಿ ಆಮಾ ಮರುವರ್ಷದ ಚಳಿಗಾಲದಲ್ಲಿ ತೀರಿಕೊಂಡಳು. ಶೇವಂತಕ್ಕ 2016ರಲ್ಲಿ ಹೋದಳು. ಬಸ್ಸಿನಲ್ಲಿದ್ದ ಮೂವತ್ತನಾಲ್ಕು ಜನರ ಹೆಸರು ನನಗೆ ಗೊತ್ತಿಲ್ಲ. ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತದ್ದನ್ನು ಕಂಡು ಈಗಲೂ ಇರುವವರು ನಾಲ್ವರು. ನನ್ನ ಹೆಂಡತಿ ಸುಮನ್, ರಾಯಬಾಗದಲ್ಲಿ ನನ್ನ ಜೊತೆಗೇ ಇದ್ದಾಳೆ. ದತ್ತು ಮಾಸ್ತರ ಎರಡು ಮನೆ ಆಚೆ ಇದ್ದಾರೆ, ಕಿವಿ ಸ್ವಲ್ಪ ಮಂದವಾಗಿದೆ, ಕಣ್ಣು ಚೆನ್ನಾಗಿದೆ. ಕೃಷ್ಣ ಈಗ ಸ್ಟೇರಿಂಗ್ ಹಿಡಿಯುವುದಿಲ್ಲ, ಅಣ್ಣನ ಬಸ್ಸುಗಳ ಹೊತ್ತು ನೋಡಿಕೊಳ್ಳುತ್ತಾನೆ. ಮತ್ತು ಮಾಯಾ, ಮುಗ್ಲಿನ್ ಕಲ್ಲಿನಿಂದ ಎರಡು ತಿರುವು ಮೇಲೆ, ಅದೇ ತಗಡಿನ ಮಾಡಿನ ಕೆಳಗೆ.